92,000 ರೂಪಾಯಿಯ ಅಂದಾಜು, 14,250 ರೂಪಾಯಿಯ ಹಿತ್ತಲು: ಬಾಗಲಕೋಟೆ ನವನಗರದ ಒಂದು ಮನೆಯ ಪ್ರಕರಣ

2022ರ ಮಾರ್ಚ್ ತಿಂಗಳಲ್ಲಿ ಬಾಗಲಕೋಟೆ ನವನಗರದ ಒಂದು ಮನೆಯವರು ನನ್ನ ಕೈಗೆ ಅಂದಾಜು ಪಟ್ಟಿಯೊಂದನ್ನು ಕೊಟ್ಟರು. ಮನೆಯ ಮುಂದೆ 400 ಚದರ ಅಡಿ ಹುಲ್ಲುಹಾಸು, ಅದಕ್ಕೆ ಬೇಕಾದ ಕೆಂಪು ಮಣ್ಣು, ಆರು ಅಲಂಕಾರಿಕ ತಾಳೆ ಗಿಡಗಳು, ಸಿಮೆಂಟ್ ಬ್ಲಾಕಿನ ಕಾಲುದಾರಿ, ನೀರು ಚಿಮ್ಮಿಸುವ ಪೈಪುಗಳು, ಕಾಂಪೌಂಡಿಗೆ ತಾಗಿ ಕುಂಡಗಳ ಸಾಲು. ಕೊನೆಯ ಸಾಲಿನಲ್ಲಿ ಒಟ್ಟು 92,000 ರೂಪಾಯಿ ಎಂದು ಬರೆದಿತ್ತು. ಮನೆಯ ಯಜಮಾನರು ಸಾರಿಗೆ ಬಸ್ಸಿನ ನಿರ್ವಾಹಕರು, ಮನೆಯೊಡತಿ ಅಂಗನವಾಡಿ ಕಾರ್ಯಕರ್ತೆ. ಮನೆ ಕಟ್ಟಿದ ಸಾಲದ ಕಂತು ಇನ್ನೂ ನಡೆಯುತ್ತಿತ್ತು. "ಇಷ್ಟು ಹಣ ನಮ್ಮಲ್ಲಿ ಇಲ್ಲ. ಆದರೆ ಬರೀ ಸಿಮೆಂಟಿನ ನಡುವೆ ಮಕ್ಕಳನ್ನು ಬೆಳೆಸಲು ಮನಸ್ಸು ಒಪ್ಪುತ್ತಿಲ್ಲ" ಎಂದು ಅವರು ಹೇಳಿದರು.

ನಾನು ತೋಟಗಾರಿಕೆ ಓದಿದ್ದೇನೆ, ಗಿಡಗಳ ನಡುವೆಯೇ ದುಡಿಯುತ್ತೇನೆ. ಇಂಥ ಪಟ್ಟಿಗಳನ್ನು ಬಹಳ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಸಿದ್ಧ ತೋಟವನ್ನು ಒಂದೇ ವಾರದಲ್ಲಿ ತಂದು ಕೂಡಿಸುವ ಲೆಕ್ಕಗಳು. ಮೂರು ವರ್ಷದಲ್ಲಿ ತಾನಾಗಿ ಬೆಳೆಯುವುದನ್ನು ಇಂದೇ ಬೇಕೆಂದರೆ ಆ ಮೂರು ವರ್ಷಗಳ ಬೆಲೆಯನ್ನೂ ಕೊಡಬೇಕಾಗುತ್ತದೆ. ಕಾಯುವ ಮನಸ್ಸಿದ್ದವರಿಗೆ ತೋಟ ಅಗ್ಗ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಮನೆಯಲ್ಲಿ ಅದನ್ನು ಪೈಸೆ ಪೈಸೆ ಲೆಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು. ಮನೆಯೊಡತಿ ಮಗಳ ಹಳೆಯ ನೋಟುಬುಕ್ಕಿನಲ್ಲಿ 2022ರ ಏಪ್ರಿಲ್‌ನಿಂದ ಪ್ರತಿ ಖರ್ಚನ್ನೂ ಬರೆದಿಟ್ಟಿದ್ದಾರೆ. ಕೆಳಗಿನ ಎಲ್ಲ ಅಂಕಿಗಳೂ ಆ ಪುಸ್ತಕದಿಂದ ಬಂದವು.

ಜಾಗ ಹೇಗಿತ್ತು

ಸೈಟು 40 ಅಡಿ ಅಗಲ, 60 ಅಡಿ ಉದ್ದ. ನಡುವೆ 25ಕ್ಕೆ 40 ಅಡಿಯ ಮನೆ, ಉತ್ತರಕ್ಕೆ ಬಾಗಿಲು. ಮುಂದೆ 12 ಅಡಿ ಬಯಲು, ಪಶ್ಚಿಮಕ್ಕೆ ಗಾಡಿ ನಿಲ್ಲಿಸುವ 10 ಅಡಿ, ಪೂರ್ವಕ್ಕೆ 5 ಅಡಿಯ ಓಣಿ, ಹಿಂದೆ 8 ಅಡಿಯ ಹಿತ್ತಲು. ಹಿತ್ತಲನ್ನು ಮನೆ ಕಟ್ಟುವಾಗಲೇ ಪೂರ್ತಿ ಕಾಂಕ್ರೀಟು ಮಾಡಿದ್ದರು. "ಕಸ ಆಗುವುದಿಲ್ಲ, ಹಾವು ಬರುವುದಿಲ್ಲ" ಎಂದು ಗೌಂಡಿ ಹೇಳಿದ್ದನಂತೆ, ಇವರು ಒಪ್ಪಿದ್ದರು. ಮುಂದಿನ ಬಯಲಿನಲ್ಲಿ ಮೇಲ್ನೋಟಕ್ಕೆ ಮಣ್ಣಿತ್ತು. ಹಾರೆ ಹಾಕಿ ನೋಡಿದರೆ ನಾಲ್ಕು ಬೆರಳು ಮಣ್ಣಿನ ಕೆಳಗೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಹುಡಿ, ಅದರ ಕೆಳಗೆ ಕಲ್ಲುಹರಳಿನ ಗರಸು. ಹಾರೆ ಠಣ್ ಎಂದು ಮೇಲೆ ಹಾರಿತು.

ನೀರಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಬಾಗಲಕೋಟೆ ಬಯಲುಸೀಮೆಯ ಊರು, ವರ್ಷದ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಬೇಸಿಗೆಯಲ್ಲಿ ಆ ಬೀದಿಯ ನಳಕ್ಕೆ ದಿನವೂ ನೀರು ಬರುವುದಿಲ್ಲ. ಆದರೂ ಅಂದಾಜು ಪಟ್ಟಿಯಲ್ಲಿ ಮೊದಲ ಸ್ಥಾನ ಹುಲ್ಲುಹಾಸಿಗಿತ್ತು. 400 ಚದರ ಅಡಿ ಎಂದರೆ ಸುಮಾರು 37 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಕೊಟ್ಟರೂ 185 ಲೀಟರ್ ಆಯಿತು, ಏಪ್ರಿಲ್ ಮೇ ಬಿಸಿಲಿಗೆ ಅದೂ ಸಾಲುವುದಿಲ್ಲ. ಐದು ಜನರ ಮನೆಯಲ್ಲಿ ಸ್ನಾನದ ನೀರಿಗೇ ಲೆಕ್ಕ ಹಾಕುವಾಗ ಹುಲ್ಲಿಗೆ ಅಷ್ಟು ಎಲ್ಲಿಂದ ತರುವುದು? ಕೊಟ್ಟರೂ ಅದರಲ್ಲಿ ಒಂದು ಚಿಟ್ಟೆ ಮೊಟ್ಟೆ ಇಡುವುದು, ಒಂದು ಹಕ್ಕಿ ಕಾಯಿ ತಿನ್ನುವುದು ಅಪರೂಪ. ಒಂದೇ ಜಾತಿಯ, ವಾರಕ್ಕೊಮ್ಮೆ ಕತ್ತರಿಸುವ ಹುಲ್ಲು ಕಣ್ಣಿಗೆ ಹಸಿರಾಗಿದ್ದರೂ ಜೀವಿಗಳಿಗೆ ಬರಡು. ಹುಲ್ಲುಹಾಸನ್ನು ಮೊದಲ ದಿನವೇ ಪಟ್ಟಿಯಿಂದ ಹೊಡೆದು ಹಾಕಿದೆವು.

ಈ ಪ್ರಕರಣದಲ್ಲಿ ನನಗಿಂತ ಹೆಚ್ಚು ತಿಳಿದವರು ಒಬ್ಬರಿದ್ದರು. ಮನೆಯೊಡತಿಯ ಅತ್ತೆ, ಎಪ್ಪತ್ತು ದಾಟಿದವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆ ಬಾಗಲಕೋಟೆಯ ಓಣಿಯಲ್ಲಿ ಅವರ ಮನೆ ಇತ್ತು. ಜಲಾಶಯದ ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುವುದಕ್ಕಾಗಿ ಎಷ್ಟು ಮನೆ, ಎಷ್ಟು ಹೊಲ ಹೋದವು ಎಂಬುದನ್ನು ಈ ಊರಿನ ಎಲ್ಲರೂ ಹೇಳುತ್ತಾರೆ. ಹಿತ್ತಲುಗಳೂ ಹೋದವು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಅವರ ಹಳೆಯ ಹಿತ್ತಲಿನಲ್ಲಿ ಕರಿಬೇವು, ನಿಂಬೆ, ಪಾರಿಜಾತ, ಬಾವಿಯ ಪಕ್ಕ ಸಂಪಿಗೆ, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು ಇದ್ದವಂತೆ. "ಅದಕ್ಕೆ ಯಾರೂ ರೊಕ್ಕ ಕೊಟ್ಟಿರಲಿಲ್ಲ, ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೋಗಿ ಬಂದು ಬೆಳೆದಿದ್ದವು" ಎಂದರು ಆ ಅಜ್ಜಿ. ಊರು ಬಿಡುವಾಗ ದುಂಡುಮಲ್ಲಿಗೆಯ ಒಂದು ಬುಡವನ್ನು ಎಣ್ಣೆಡಬ್ಬಿಯಲ್ಲಿಟ್ಟು ತಂದಿದ್ದರು. 2022ರಲ್ಲಿ ಅದು ಮಾಳಿಗೆ ಮೆಟ್ಟಿಲ ಕೆಳಗೆ, ತುಕ್ಕು ಹಿಡಿದ ಬೇರೊಂದು ಡಬ್ಬಿಯಲ್ಲಿ, ಇನ್ನೂ ಜೀವ ಹಿಡಿದುಕೊಂಡಿತ್ತು.

ಮೊದಲು ನೀರು

ಗಿಡ ತರುವ ಆತುರ ಎಲ್ಲರಿಗೂ ಇರುತ್ತದೆ. ಈ ಮನೆಯ ಮಕ್ಕಳಿಗೂ ಇತ್ತು. ಆದರೆ ಮೊದಲ ಎರಡು ತಿಂಗಳು ಒಂದೂ ಸಸಿ ತರಲಿಲ್ಲ. ಬಡವರ ತೋಟ ಸಾಯುವುದು ಹೆಚ್ಚಾಗಿ ಇಲ್ಲಿಯೇ. ಮುನ್ನೂರು ರೂಪಾಯಿಯ ಗಿಡ ತಂದು ಮೂವತ್ತು ರೂಪಾಯಿಯ ಗುಂಡಿಯಲ್ಲಿ ನೆಡುತ್ತಾರೆ. ಅದು ಒಣಗಿದಾಗ "ನಮ್ಮ ಮಣ್ಣಿಗೆ ಏನೂ ಹತ್ತುವುದಿಲ್ಲ" ಎಂದು ಬೇಸರಪಟ್ಟುಕೊಳ್ಳುತ್ತಾರೆ.

ಲೆಕ್ಕ ಹೀಗಿದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಮನೆಯ ಮಾಳಿಗೆ 1,000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಿದ್ದು ಅದರ ನೂರಕ್ಕೆ ಎಂಬತ್ತು ಭಾಗ ಕೈಗೆ ಸಿಕ್ಕರೂ 40,000 ಲೀಟರ್ ದಾಟುತ್ತದೆ. ಈ ನೀರು ಅಲ್ಲಿಯವರೆಗೆ ಪೈಪಿನಿಂದ ನೇರ ಗಟಾರಕ್ಕೆ ಹೋಗುತ್ತಿತ್ತು. ಅಷ್ಟನ್ನೂ ಹಿಡಿಯುವ ಟಾಕಿ ಕಟ್ಟಲು ಇವರ ಕೈಲಾಗುತ್ತಿರಲಿಲ್ಲ, ಅಗತ್ಯವೂ ಇರಲಿಲ್ಲ. ಹಳೆಯ 200 ಲೀಟರ್‌ನ ಎರಡು ಡ್ರಮ್ಮುಗಳನ್ನು 1,400 ರೂಪಾಯಿಗೆ ಕೊಂಡರು. ಪೈಪು ಮತ್ತು ಮೊಣಕೈ ಜೋಡಣೆಗೆ 850 ರೂಪಾಯಿ. ಡ್ರಮ್ಮು ತುಂಬಿದ ಮೇಲೆ ಹೊರಚೆಲ್ಲುವ ನೀರು ಮುಂದಿನ ಬಯಲಿನಲ್ಲಿ ತೋಡಿದ ಒಂದೂವರೆ ಅಡಿ ಆಳದ ಕಾಲುವೆಗೆ ಇಳಿಯುತ್ತದೆ. ಕಾಲುವೆಗೆ ಮನೆ ಕಟ್ಟಿ ಉಳಿದಿದ್ದ ಇಟ್ಟಿಗೆ ಚೂರುಗಳನ್ನೇ ತುಂಬಿದೆವು. ಡ್ರಮ್ಮುಗಳು ತುಂಬಿದ್ದಾಗ ಒಂದು ಸಂಜೆ 20 ಮಿಲಿಮೀಟರ್ ಮಳೆ ಬಂದರೆ ಸುಮಾರು 1,500 ಲೀಟರ್ ನೀರು ಅಲ್ಲಿ ಇಂಗುತ್ತದೆ. ಮಣ್ಣನ್ನೇ ಟಾಕಿ ಮಾಡಿಕೊಂಡರೆ ಅದಕ್ಕೆ ಬಾಡಿಗೆಯೂ ಇಲ್ಲ, ಸೋರಿಕೆಯ ಚಿಂತೆಯೂ ಇಲ್ಲ. ಕಾಲುವೆಯನ್ನು ಅಡಿಪಾಯದಿಂದ ಆರು ಅಡಿ ದೂರ ಇಟ್ಟೆವು. ಕಪ್ಪು ಎರೆಮಣ್ಣಿನ ಜಾಗದಲ್ಲಿ ಮನೆ ಇರುವವರು ಇನ್ನಷ್ಟು ದೂರ ಇಡಬೇಕು. ಎರೆ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅದರ ಜತೆ ಗೋಡೆಯೂ ಬಿರಿಯುತ್ತದೆ.

ಡ್ರಮ್ಮುಗಳ ಬಾಯಿಗೆ ಹಳೆಯ ಹತ್ತಿ ಸೀರೆಯ ಎರಡು ಮಡಿಕೆ ಬಿಗಿದು ಕಟ್ಟಿದರು. ಇದನ್ನು ಸಣ್ಣ ಮಾತೆಂದು ಬಿಡಬಾರದು. ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಟ್ಟರೆ ಸುಮಾರು ಒಂದು ವಾರ ಹತ್ತು ದಿನದಲ್ಲಿ ರೆಕ್ಕೆ ಬಂದು ಹಾರುತ್ತದೆ. ಮುಚ್ಚಳವಿಲ್ಲದ ಡ್ರಮ್ಮು ಇಡುವುದಾದರೆ ಮಳೆನೀರಿನ ಆಸೆಯನ್ನೇ ಬಿಡುವುದು ಲೇಸು.

ಬಚ್ಚಲ ನೀರನ್ನು ಅಜ್ಜಿಯ ಮಾತಿನಂತೆ ಹಿತ್ತಲಿಗೆ ತಿರುಗಿಸಿದರು. ಅದಕ್ಕೆ ಕಾಂಕ್ರೀಟಿನಲ್ಲಿ ದಾರಿ ಬೇಕಿತ್ತು. ಪೂರ್ತಿ ಒಡೆಸಿದರೆ ಕೂಲಿಯೇ ತಲೆ ಮೀರುತ್ತದೆ. ಗೋಡೆಯಿಂದ ದೂರ, ಕಾಂಪೌಂಡಿಗೆ ತಾಗಿ 14 ಅಡಿ ಉದ್ದ 2 ಅಡಿ ಅಗಲದ ಒಂದು ಪಟ್ಟಿ, ಅಲ್ಲಲ್ಲಿ ಮೂರಡಿ ಚೌಕದ ಮೂರು ಕಿಟಕಿ, ಇಷ್ಟನ್ನೇ ಒಡೆಸಿದೆವು. ಇಬ್ಬರು ಕೂಲಿಗಳು ಎರಡು ದಿನ ಒಡೆದು, ಅಗೆದು, ಮುಂದಿನ ಗುಂಡಿಗಳನ್ನೂ ತೋಡಿದರು. ದಿನಕ್ಕೆ 600 ರೂಪಾಯಿಯಂತೆ 2,400 ಆಯಿತು. ಒಡೆದ ಕಾಂಕ್ರೀಟಿನ ಹಲಗೆಗಳನ್ನು ಹೊರಗೆ ಸಾಗಿಸಲಿಲ್ಲ, ಮುಂದಿನ ಬಯಲಿನಲ್ಲಿ ಕಾಲಿಡುವ ಕಲ್ಲುಗಳಾಗಿ ಹಾಸಿದೆವು. ಪಟ್ಟಿಯಲ್ಲಿ ಬಾಳೆ, ಕಾಬಾಳೆ, ಕೆಸು. ಸಾಬೂನಿನ ನೀರನ್ನು ಅವು ತಡೆದುಕೊಳ್ಳುತ್ತವೆ. ಆದರೂ ಬಟ್ಟೆ ಒಗೆದ ಮೊದಲ ನೊರೆನೀರು ಗಟಾರಕ್ಕೆ, ಜಾಲಿಸಿದ ಎರಡನೆಯ ನೀರು ಗಿಡಕ್ಕೆ ಎಂದು ಗೆರೆ ಎಳೆದುಕೊಂಡರು.

ಮಣ್ಣು, ಆಮೇಲೆ ಸಸಿ

ಒಂದು ಟ್ರ್ಯಾಕ್ಟರ್ ಎರೆಮಣ್ಣಿಗೆ 2,200, ಅರ್ಧ ಟ್ರೇಲರ್ ತಿಪ್ಪೆಗೊಬ್ಬರಕ್ಕೆ 1,500. ಬರೀ ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಬರೀ ಎರೆಯಲ್ಲಿ ನೀರು ಬಿಡುವುದಿಲ್ಲ. ಎರಡನ್ನೂ ಸಮ ಬೆರೆಸಿ ಗೊಬ್ಬರ ಕೂಡಿಸಿದರೆ ಕೈಯಲ್ಲಿ ಹಿಡಿದಾಗ ಉಂಡೆಯಾಗಿ, ಬೆರಳು ತಾಗಿದರೆ ಪುಡಿಯಾಗುವ ಹದ ಬರುತ್ತದೆ. ಅಜ್ಜಿ ಆ ಉಂಡೆಯನ್ನು ಮೂಸಿ ನೋಡಿ "ಇನ್ನೂ ಹಸಿ ಗೊಬ್ಬರ" ಎಂದರು. ನಾನು ಸಾಕಷ್ಟು ಕಳಿತಿದೆ ಎಂದುಕೊಂಡಿದ್ದೆ. ಅವರ ಮಾತು ಕೇಳಿ ಇನ್ನೊಂದು ತಿಂಗಳು ಬಿಡಬೇಕಿತ್ತು. ಬಿಡಲಿಲ್ಲ, ಮೂರು ಸಸಿಗಳ ಬೇರನ್ನು ಗೊಬ್ಬರದ ಹುಳ ತಿಂದಿತು.

ನೆಲಕ್ಕೆ ಹೊದಿಕೆಯಾಗಿ ಕಬ್ಬಿನ ರವದಿ, ಅಂದರೆ ಒಣ ಗರಿ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿದ ಮೇಲೆ ಎಷ್ಟೋ ಹೊಲಗಳಲ್ಲಿ ರವದಿಗೆ ಬೆಂಕಿ ಇಡುತ್ತಾರೆ. ಸಂಬಂಧಿಕರ ಹೊಲದಿಂದ ತರಲು ಸಾಗಣೆಯ 500 ರೂಪಾಯಿ ಮಾತ್ರ ತಗುಲಿತು. ನಾಲ್ಕು ಬೆರಳು ದಪ್ಪ ರವದಿ ಹೊದಿಸಿದ ನೆಲ ಮೇ ತಿಂಗಳಲ್ಲೂ ಕೆಳಗೆ ತಂಪಾಗಿ ಇರುತ್ತದೆ, ಕಳೆಯೂ ಕಡಿಮೆ. ಒಣ ರವದಿಗೆ ಗೆದ್ದಲು ಬರುತ್ತದೆ, ಅದಕ್ಕಾಗಿ ಕಾಂಡದ ಸುತ್ತ ಒಂದು ಗೇಣು ಬಿಟ್ಟು ಹೊದಿಸಬೇಕು. ನಮ್ಮ ಜಿಲ್ಲೆಯಲ್ಲಿ ಹೊಗೆಯಾಗಿ ಹೋಗುವ ಈ ಸಂಪತ್ತು ಊರಿನ ಹಿತ್ತಲುಗಳಿಗೆ ಬರುವಂತಾದರೆ ಎಷ್ಟು ಚೆನ್ನ ಎಂದು ಪ್ರತಿ ವರ್ಷ ಅನ್ನಿಸುತ್ತದೆ.

ಸಸಿಗಳ ಖರ್ಚೂ ಕಡಿಮೆಯೇ: 22 ಸಸಿಗಳಿಗೆ 640 ರೂಪಾಯಿ. ಅರಣ್ಯ ಇಲಾಖೆಯ ನರ್ಸರಿಗಳು ಮಳೆಗಾಲದ ಆರಂಭದಲ್ಲಿ ಚೀಲದ ಅಳತೆಗೆ ತಕ್ಕಂತೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತವೆ. ಬೇವು, ಸೀತಾಫಲ, ನೇರಳೆಯಂಥವು ಅಲ್ಲಿ ಸಿಗುತ್ತವೆ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹಣ್ಣಿನ ಕಸಿಗಿಡ ಸಿಗುತ್ತವೆ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಊರಿನಲ್ಲೇ ಇದೆ, ಅದರ ತೋಟಗಾರಿಕೆ ಮೇಳಕ್ಕೆ ರೈತರು ದೂರದೂರದಿಂದ ಬರುತ್ತಾರೆ. ನವನಗರದವರು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದೂ ಅತ್ತ ಹಾಯದಿರುವುದು ನನಗೆ ನೋವಿನ ಸಂಗತಿ. ಮೊಣಕಾಲೆತ್ತರದ ಸಸಿಯನ್ನೇ ಆರಿಸಿದೆವು. ಆಳೆತ್ತರದ ಗಿಡ ಹತ್ತು ಪಟ್ಟು ಬೆಲೆಯದು, ಚೀಲದಲ್ಲಿ ಬೇರು ಸುತ್ತಿಕೊಂಡು ಹೊಸ ನೆಲಕ್ಕೆ ಹೊಂದಲು ಹೆಚ್ಚು ಕಾಲ ಹಿಡಿಯುತ್ತದೆ.

ಉಳಿದದ್ದೆಲ್ಲ ಬಿಟ್ಟಿ. ದಾಸವಾಳ, ತೊಂಡೆ, ಮಲ್ಲಿಗೆ, ನುಗ್ಗೆಯ ಕಡ್ಡಿಗಳು ಪರಿಚಿತರ ಮನೆಗಳಿಂದ ಬಂದವು. ತಂಗಡಿಯ ಬೀಜಗಳನ್ನು ಮಕ್ಕಳು ರಸ್ತೆ ಬದಿಯಿಂದ ಆಯ್ದು ತಂದರು. ಅಜ್ಜಿ ಕಡ್ಡಿ ನೆಡುವ ರೀತಿಯನ್ನು ನಾನು ನೋಡುತ್ತಾ ಕುಳಿತೆ. ಪೆನ್ಸಿಲ್ ದಪ್ಪದ, ಬಲಿತೂ ಬಲಿಯದ ಕಡ್ಡಿ. ಎಲೆ ಚಿಗುರುವ ಕಣ್ಣಿನ ಸರಿಯಾಗಿ ಕೆಳಗೆ ಓರೆ ಕೊಯ್ತ. ಮೇಲಿನ ಎರಡೇ ಎಲೆ ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸುವುದು. ಮೊದಲು ಬೇರೆ ಕಡ್ಡಿಯಿಂದ ಮಣ್ಣಿನಲ್ಲಿ ತೂತು ಮಾಡಿ, ಆಮೇಲೆ ಇದನ್ನು ಇಳಿಸಿ, ಹೆಬ್ಬೆರಳಿನಿಂದ ಸುತ್ತ ಒತ್ತುವುದು. ಕೊಯ್ತದ ತುದಿಗೆ ಮಣ್ಣು ಕೆರೆಯಬಾರದು ಎಂಬ ಕಾರಣಕ್ಕೆ ಆ ತೂತು. ಪಾಠದಲ್ಲಿ ನಾನು ಇದನ್ನೇ ಓದಿದ್ದೆ, ಆದರೆ ಅವರ ಹೆಬ್ಬೆರಳು ಎಷ್ಟು ಒತ್ತಬೇಕೋ ಅಷ್ಟೇ ಒತ್ತಿ ನಿಲ್ಲುತ್ತಿತ್ತು. ಹನ್ನೆರಡು ಕಡ್ಡಿಗಳಲ್ಲಿ ಒಂಬತ್ತು ಚಿಗುರಿದವು.

ಯಾವುದು ಎಲ್ಲಿ ಎಂಬುದಕ್ಕೆ ಹೆಚ್ಚು ಚರ್ಚೆ ಆಯಿತು. ಬೇವನ್ನು ವಾಯವ್ಯ ಮೂಲೆಯಲ್ಲಿ ನೆಟ್ಟೆವು, ಮನೆಯ ಮೂಲೆಯಿಂದ 15 ಅಡಿ ದೂರ ಸಿಗುವ ಜಾಗ ಅದು. ಬೇಸಿಗೆಯಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗದೆ ತುಸು ಉತ್ತರಕ್ಕೆ ಸರಿದು ಮುಳುಗುತ್ತಾನೆ, ಅಲ್ಲಿ ಬೆಳೆದ ಬೇವಿನ ನೆರಳು ಮೇ ತಿಂಗಳ ಸಂಜೆ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ನುಗ್ಗೆ ಹಿತ್ತಲಿನ ಆಗ್ನೇಯ ಮೂಲೆಗೆ, ಮನೆಯ ಕಿಟಕಿಗಳಿಂದ ದೂರ. ಮಳೆಗಾಲದಲ್ಲಿ ನುಗ್ಗೆಗೆ ಕಂಬಳಿಹುಳು ಹತ್ತುತ್ತದೆ, ಗಾಳಿಗೆ ಕೊಂಬೆ ಮುರಿಯುತ್ತದೆ. ಮನೆಗೆ ತಾಗಿ ನುಗ್ಗೆ ಬೇಡ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಕರಿಬೇವು, ನಿಂಬೆ, ಪೇರಲ ಹಿತ್ತಲ ಕಾಂಕ್ರೀಟಿನಲ್ಲಿ ಒಡೆದ ಮೂರು ಕಿಟಕಿಗಳಿಗೆ. ಸೀತಾಫಲ, ಪಾರಿಜಾತ, ದಾಸವಾಳ, ತಂಗಡಿ ಮುಂದಕ್ಕೆ. ಕಣಗಿಲೆಯನ್ನು ನಾನೇ ತಡೆದೆ. ಬಯಲುಸೀಮೆಗೆ ಒಗ್ಗುವ ಗಟ್ಟಿ ಗಿಡ, ಆದರೆ ಬೇರಿನಿಂದ ಹೂವಿನವರೆಗೆ ವಿಷ. ಅಂಗನವಾಡಿಯ ಮಕ್ಕಳು ಬಂದು ಹೋಗುವ ಅಂಗಳ ಅದು. ಪಶ್ಚಿಮದ ಗೋಡೆಯಿಂದ ಒಂದು ಅಡಿ ಬಿಟ್ಟು ತಂತಿ ಕಟ್ಟಿ ತೊಂಡೆ ಬಳ್ಳಿ ಹಬ್ಬಿಸಿದರು. ಮಲಗುವ ಕೋಣೆಯ ಆ ಗೋಡೆ ರಾತ್ರಿ ಹತ್ತಕ್ಕೂ ಅಂಗೈಗೆ ಬಿಸಿ ತಾಗುತ್ತಿತ್ತು.

ಬರದ ವರ್ಷ

2022ರ ಜೂನ್‌ನಲ್ಲಿ, ಮೃಗಶಿರಾ ಮಳೆಗೇ ಸಸಿ ನೆಟ್ಟೆವು. ಇದು ನನ್ನ ತಪ್ಪು. ಮಲೆನಾಡಿನ ಪಂಚಾಂಗವನ್ನು ಬಾಗಲಕೋಟೆಗೆ ತಂದ ಹಾಗಾಯಿತು. ನಮ್ಮಲ್ಲಿ ಜೂನ್ ತಿಂಗಳು ನಂಬಿಕೆಗೆ ಯೋಗ್ಯವಲ್ಲ, ಒಂದು ಮಳೆ ಬಂದು ಮೂರು ವಾರ ಕಾಣೆಯಾಗಬಹುದು. ಗಟ್ಟಿ ಮಳೆ ಸೆಪ್ಟೆಂಬರಿನದು. ಜೂನ್‌ನಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಮಳೆಗೆ ಕುಸಿಯಲು ಬಿಟ್ಟು, ಸೆಪ್ಟೆಂಬರಿನ ಹುಬ್ಬಿ ಇಲ್ಲವೇ ಉತ್ತರಿ ಮಳೆಗೆ ಸಸಿ ಇಡುವುದು ಈ ನೆಲಕ್ಕೆ ಹೊಂದುವ ಕ್ರಮ. ಇನ್ನೊಂದು ತಪ್ಪೂ ಆಗಿತ್ತು. ಗರಸಿನಲ್ಲಿ ತೋಡಿದ ಎರಡಡಿಯ ಗುಂಡಿ ನೆಲದೊಳಗಿನ ಕುಂಡದಂತೆ ಆಗಿಬಿಡುತ್ತದೆ, ಬೇರು ಅದರ ಗೋಡೆಗೆ ತಾಗಿ ಒಳಗೇ ಸುತ್ತುತ್ತದೆ. ಗುಂಡಿಯ ತಳಕ್ಕೆ ಹಾರೆಯಿಂದ ನಾಲ್ಕೈದು ಆಳದ ತೂತು ಹೊಡೆದು ಪಕ್ಕಗಳನ್ನು ಒರಟಾಗಿ ಕೆದರಬೇಕಿತ್ತು. 2023ರ ಮೇ ಹೊತ್ತಿಗೆ 22 ಸಸಿಗಳಲ್ಲಿ ಒಂಬತ್ತು ಒಣಗಿದ್ದವು. ಅಂಗಳ ನೋಡಲು ಕೆಟ್ಟದಾಗಿತ್ತು: ರವದಿ, ಕಡ್ಡಿಗಳು, ಅಲ್ಲೊಂದು ಇಲ್ಲೊಂದು ಎಲೆ. "ಇದಕ್ಕೇ ಇಷ್ಟು ಓಡಾಡಿದಿರಾ" ಎಂದು ಬಂದವರು ಕೇಳಿದರೆ ಮನೆಯೊಡತಿಗೆ ಕಣ್ಣು ತುಂಬುತ್ತಿತ್ತು. ಆ ದಿನಗಳಲ್ಲಿ ಅವರು ಕೈಬಿಡದೆ ಇದ್ದುದಕ್ಕೆ ಈ ಪ್ರಕರಣ ಬರೆಯುವಂತಾಗಿದೆ.

ಆ ವರ್ಷ ಮುಂಗಾರೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. ಒಣಗಿದ್ದರ ಬದಲಿಗೆ 310 ರೂಪಾಯಿಯ ಸಸಿ ತಂದು, ಈ ಬಾರಿ ಗುಂಡಿ ಸರಿಪಡಿಸಿ, ಸೆಪ್ಟೆಂಬರಿನಲ್ಲಿ ನೆಟ್ಟರು. ಹನಿ ನೀರಾವರಿಯ ಪೈಪಿಗೆ 1,150, ಗೊಬ್ಬರಕ್ಕೆ 800. ಇಳಕಲ್ ಕಡೆಯ ಗ್ರಾನೈಟ್ ತುಂಡುಗಳು, ಕಾರ್ಖಾನೆಯಲ್ಲಿ ಬೇಡವೆಂದು ರಾಶಿ ಹಾಕಿದ್ದವು, ಸಾಗಣೆಯ 900 ರೂಪಾಯಿಗೆ ಬಂದು ಮಡಿಗಳ ಅಂಚಾದವು.

ಮುಂದಿನ ಬೇಸಿಗೆಯಲ್ಲಿ ಗಿಡಗಳನ್ನು ಉಳಿಸಿದ್ದು ಮಣ್ಣಿನ ಗಡಿಗೆಗಳು. ಬೇಸಿಗೆ ಮುಗಿದ ಮೇಲೆ ಮೂಲೆಗೆ ಸೇರಿದ ಹಳೆಯ ಗಡಿಗೆಗಳು ಪ್ರತಿ ಮನೆಯಲ್ಲೂ ಇರುತ್ತವೆ. ಬಾಯಿ ಮಾತ್ರ ಮೇಲೆ ಕಾಣುವಂತೆ ಸಸಿಯಿಂದ ಒಂದು ಮೊಳ ದೂರ ಹೂತು, ನೀರು ತುಂಬಿ, ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿದರೆ ಸಾಕು. ಮಣ್ಣು ಒಣಗಿದಷ್ಟೂ ಗಡಿಗೆ ನೀರು ಬಿಡುತ್ತದೆ, ಹಸಿಯಾಗಿದ್ದರೆ ಬಿಡುವುದಿಲ್ಲ. ಒಳಗೆ ಹೊರಗೆ ಬಣ್ಣ ಹಚ್ಚಿರಬಾರದು. ಹಳೆಯವು ನಾಲ್ಕು ಸಿಕ್ಕವು, 2024ರಲ್ಲಿ ಇನ್ನೂ ಆರು ಹೊಸವನ್ನು 480 ರೂಪಾಯಿಗೆ ಕೊಂಡರು. ನಾಲ್ಕು ದಿನಕ್ಕೊಮ್ಮೆ ಚೊಂಬಿನಲ್ಲಿ ತುಂಬುವುದು ಮಕ್ಕಳ ಪಾಲಿನ ಕೆಲಸ. ಆ ಬೇಸಿಗೆಯಲ್ಲಿ ಸತ್ತದ್ದು ಎರಡೇ ಗಿಡ.

ಕರಿಬೇವಿನ ಮೇಲಿನ ಹುಳು

2024ರ ಸೆಪ್ಟೆಂಬರಿನಲ್ಲಿ ಮನೆಯೊಡತಿ ಗಾಬರಿಯಿಂದ ಕರೆ ಮಾಡಿದರು. ಎರಡಡಿ ಬೆಳೆದ ಕರಿಬೇವಿನ ಎಲೆ ಎಲ್ಲ ಹೋಗುತ್ತಿದೆ, ಯಾವ ಔಷಧ ಹೊಡೆಯಬೇಕು ಎಂದು ಕೇಳಿದರು. ಏನೂ ಹೊಡೆಯಬೇಡಿ, ಬರುತ್ತೇನೆ ಎಂದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಂದು ಬಿಳಿ ಬಣ್ಣದ ಚಿಕ್ಕ ಚುಕ್ಕೆಗಳು, ಕೆಳಗಿನ ರೆಂಬೆಯಲ್ಲಿ ದಪ್ಪನೆಯ ಎರಡು ಹಸಿರು ಹುಳುಗಳು. ಅವೆರಡೂ ಒಂದೇ, ಹಿಕ್ಕೆಯಂತೆ ಕಾಣುವುದು ಎಳೆಯದು. ಒಣ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಹುಳು ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬೊಂದನ್ನು ಹೊರಗೆ ಚಾಚಿತು, ಕೊಳೆತ ನಿಂಬೆಯಂಥ ಘಾಟು ಬಂತು. ಹತ್ತು ವರ್ಷದ ಮಗಳು ಚೀರಿ ಹಿಂದೆ ಸರಿದು, ಮರುಕ್ಷಣವೇ ತಾನೂ ಮುಟ್ಟುತ್ತೇನೆ ಎಂದಳು.

ಅದು ನಿಂಬೆ ಜಾತಿಯ ಗಿಡಗಳ ಮೇಲೆ ಬದುಕುವ ಚಿಟ್ಟೆಯ ಮರಿ. ಕರಿಬೇವೂ ನಿಂಬೆಯೂ ಒಂದೇ ಕುಟುಂಬದವು, ಈ ಚಿಟ್ಟೆಗೆ ಎರಡೂ ಮೊಟ್ಟೆಯಿಡುವ ಮನೆ. ಹೂವಿಗೆ ಬರುವ ಚಿಟ್ಟೆಯನ್ನು ಎಲ್ಲರೂ ಬಯಸುತ್ತಾರೆ, ಎಲೆ ತಿನ್ನುವ ಅದರ ಮರಿಯನ್ನು ಯಾರೂ ಬಯಸುವುದಿಲ್ಲ. ಎಲೆ ಕೊಡದೆ ಚಿಟ್ಟೆ ಸಿಗುವುದಿಲ್ಲ. ಚಿಕ್ಕ ಗಿಡ ಸೊರಗಬಾರದೆಂದು ಎರಡು ಹುಳುಗಳನ್ನು ನಿಂಬೆಗೆ ವರ್ಗಾಯಿಸಿದೆವು. ಮಗಳು ದಿನವೂ ಶಾಲೆಯಿಂದ ಬಂದು ನೋಡುತ್ತಿದ್ದಳು. ಕೋಶ ಕಟ್ಟಿ ಹತ್ತನೆಯ ದಿನ ಬೆಳಿಗ್ಗೆ ಕಪ್ಪು ಹಳದಿ ರೆಕ್ಕೆ ಮುದುಡಿಕೊಂಡು ಹೊರಬಂದ ಚಿಟ್ಟೆ ಅವಳ ಕಣ್ಣ ಮುಂದೆಯೇ ರೆಕ್ಕೆ ಬಿಚ್ಚಿತಂತೆ. ಕರಿಬೇವು ಒಂದು ತಿಂಗಳಲ್ಲಿ ಮತ್ತೆ ಚಿಗುರಿತು.

ತಂಗಡಿಗೆ ತಿಳಿಹಳದಿ ಬಣ್ಣದ ಬೇರೆ ಚಿಟ್ಟೆಗಳು ಬರುತ್ತವೆ. ನುಗ್ಗೆ ಹೂವಿಗೆ ಸೂರಕ್ಕಿ, ಜೇನು. ತೊಂಡೆಯ ಹಣ್ಣು ಕೆಂಪಾಗುವುದೇ ತಡ ಪಿಕಳಾರ. ಹಾವಿನ ಭಯ ಇನ್ನೂ ಇದೆ, ಅದನ್ನು ಮೂಢ ಭಯವೆಂದು ನಾನು ತಳ್ಳಿಹಾಕುವುದಿಲ್ಲ. ಬಾಗಿಲ ಬಳಿ ಆರು ಅಡಿ ಖಾಲಿ ಬಿಟ್ಟಿದ್ದೇವೆ, ಕಟ್ಟಿಗೆ ಕಲ್ಲುಗಳ ರಾಶಿ ಇಟ್ಟಿಲ್ಲ, ಇಲಿ ಬರುವಂತೆ ಕಾಳು ಅನ್ನ ಚೆಲ್ಲುವುದಿಲ್ಲ. ರಾತ್ರಿ ಹಿತ್ತಲಿಗೆ ಹೋಗುವಾಗ ಕೈಯಲ್ಲಿ ಬ್ಯಾಟರಿ ಇರುತ್ತದೆ.

ನೋಟುಬುಕ್ಕಿನ ಲೆಕ್ಕ

ಮೊದಲ ವರ್ಷ 9,490 ರೂಪಾಯಿ. ಎರಡನೆಯ ವರ್ಷ 3,160. ಮೂರನೆಯ ವರ್ಷ ಗಡಿಗೆ, ಗೊಬ್ಬರ ಮತ್ತು 320 ರೂಪಾಯಿಯ ಒಂದು ಕೈಗರಗಸ ಸೇರಿ 1,600. ಒಟ್ಟು 14,250. ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 400 ರೂಪಾಯಿಗೂ ಸ್ವಲ್ಪ ಕಡಿಮೆ. ಒಂದೇ ಬಾರಿಗೆ ಕೊಡಬೇಕಾದ ಹಣವಲ್ಲ ಎಂಬುದೇ ಈ ಮನೆಗೆ ದೊಡ್ಡ ಅನುಕೂಲವಾಯಿತು. ಯಾವ ತಿಂಗಳು ಕೈಯಲ್ಲಿ ಇರಲಿಲ್ಲವೋ ಆ ತಿಂಗಳು ಖರ್ಚು ಮಾಡಲಿಲ್ಲ, ತೋಟ ಕಾಯಿತು.

ಆದರೆ ಈ ಲೆಕ್ಕದಲ್ಲಿ ಇಲ್ಲದ್ದು ಒಂದಿದೆ. ಯಜಮಾನರ ರಜೆಯ ದಿನಗಳು, ಮನೆಯೊಡತಿಯ ಮುಂಜಾವಿನ ಅರ್ಧ ಗಂಟೆ, ಅಜ್ಜಿಯ ಇಡೀ ದಿನದ ಕಣ್ಗಾವಲು. ಇವಕ್ಕೆ ಕೂಲಿ ಕಟ್ಟಿದರೆ ಮೊತ್ತ ಬೇರೆಯೇ ಆಗುತ್ತದೆ. ಇಬ್ಬರೂ ಹೊರಗೆ ದುಡಿಯುವ, ಮನೆಯಲ್ಲಿ ಹಿರಿಯರಿಲ್ಲದ ಕುಟುಂಬಕ್ಕೆ ಇಷ್ಟೇ ಹಣದಲ್ಲಿ ಇದೇ ಫಲ ಬರುತ್ತದೆ ಎಂದು ನಾನು ಹೇಳಲಾರೆ. ಅಂಥವರಿಗೆ ಇಂಗುಕಾಲುವೆ, ರವದಿ, ಒಂದು ಬೇವು, ಒಂದು ಕರಿಬೇವು, ಎರಡು ಗಡಿಗೆ ಇಷ್ಟರಿಂದ ಆರಂಭಿಸಿ ಎಂದು ಹೇಳುತ್ತೇನೆ. 20ಕ್ಕೆ 30ರ ಸೈಟಿನಲ್ಲಿ ಇರುವವರಿಗೆ ಬೇವೂ ಬೇಡ, ಪಾರಿಜಾತ ಸಾಕು. ಬಾಡಿಗೆ ಮನೆಯವರ ಕಷ್ಟ ಬೇರೆ. ಮೂರು ವರ್ಷ ಕಾಯುವ ಮಾತನ್ನು ಹನ್ನೊಂದು ತಿಂಗಳ ಕರಾರಿನವರಿಗೆ ಹೇಗೆ ಹೇಳುವುದು?

ಪಶ್ಚಿಮದ ಗೋಡೆ ತೊಂಡೆ ಹಬ್ಬಿದ ಮಟ್ಟದವರೆಗೆ ಈಗ ರಾತ್ರಿ ತಣ್ಣಗಿರುತ್ತದೆ, ಅದರ ಮೇಲೆ ಇನ್ನೂ ಬಿಸಿ. ಬೇವು ಕಾಂಪೌಂಡು ದಾಟಿ ಬೆಳೆದಿದೆ. ಎಣ್ಣೆಡಬ್ಬಿಯ ದುಂಡುಮಲ್ಲಿಗೆ ನೆಲಕ್ಕೆ ಇಳಿದ ಎರಡನೆಯ ಬೇಸಿಗೆಗೆ ಮೊರ ತುಂಬ ಹೂ ಬಿಟ್ಟಿತು.

ಸಂಪಿಗೆಯ ವಿಷಯ ಮಾತ್ರ ಬಗೆಹರಿದಿಲ್ಲ. ಹಳೆಯ ಮನೆಯಂತೆ ಇಲ್ಲೂ ಒಂದು ಸಂಪಿಗೆ ಇರಬೇಕು ಎಂಬುದು ಅಜ್ಜಿಯ ಆಸೆ. ಅಷ್ಟು ನೀರು, ಅಷ್ಟು ಆಳದ ಮಣ್ಣು ಇಲ್ಲಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಎರಡು ಬಾರಿ ನೆಟ್ಟರು, ಎರಡು ಬಾರಿಯೂ ಏಪ್ರಿಲ್‌ನಲ್ಲಿ ಹೋಯಿತು. "ಅಲ್ಲಿ ಬಾವಿಯ ಪಕ್ಕ ಇತ್ತು. ಇಲ್ಲಿ ಬಚ್ಚಲ ಪಕ್ಕ ಇಟ್ಟು ನೋಡೋಣ" ಎಂದು ಈಗ ಬಾಳೆಯ ಸಾಲಿನ ತುದಿಯಲ್ಲಿ ಜಾಗ ತೋರಿಸಿದ್ದಾರೆ. ಗುಂಡಿ ಮೂರಡಿ ಆಳಕ್ಕೆ ತೋಡಿ ಆಗಿದೆ, ತಳಕ್ಕೆ ಹಾರೆಯ ತೂತುಗಳನ್ನೂ ಹೊಡೆದಿದ್ದಾರೆ. ಉತ್ತರಿ ಮಳೆಗೆ ಸಸಿ ತಂದುಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೇನೆ.